ಹಾರ್ಟ್ ಪಂಪಿಂಗ್ 35 ಇದೆ, ಕರುಳಿನ ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ಡಾಕ್ಟರೇ, ನಾವು ಹಾಸನ ಜಿಲ್ಲೆಯವರು. ಅಪ್ಪನಿಗೆ 68 ವರ್ಷ. ಐದು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಆಗ ಕಾಲು ಊದಿ, ಉಸಿರು ಕಟ್ಟಿ ಎರಡು ದಿನ ಐಸಿಯುವಿನಲ್ಲಿದ್ದರು. ಎಕೋದಲ್ಲಿ ಪಂಪಿಂಗ್ 35 ಪರ್ಸೆಂಟ್ ಅಂತ ಬರೆದಿದ್ದಾರೆ. ಈಚೆಗೆ ತುಂಬಾ ಸುಸ್ತು ಅಂದರು. ತೋರಿಸಿದರೆ ಹಿಮೋಗ್ಲೋಬಿನ್ 8.6. ಕೊಲೊನೋಸ್ಕೋಪಿ ಮಾಡಿ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಇದೆ, ಬೇರೆ ಕಡೆ ಹರಡಿಲ್ಲ ಅಂದಿದ್ದಾರೆ. ಒಂದು ಆಸ್ಪತ್ರೆಯಲ್ಲಿ "ಹಾರ್ಟ್ ವೀಕ್, ಅನಸ್ತೇಶಿಯಾ ತಡೆಯಲ್ಲ, ಸ್ಟೆಂಟ್ ಹಾಕಿ ಒಂದು ವರ್ಷ ಆಗಲಿ" ಅಂದರು. ಇನ್ನೊಂದು ಕಡೆ "ಹೈ ರಿಸ್ಕ್ ಅಂತ ಸಹಿ ಹಾಕಿ, ಮುಂದಿನ ವಾರವೇ ಮಾಡ್ತೀವಿ" ಅಂದರು. ಚಿಕ್ಕಪ್ಪ ಮೊದಲು ಇನ್ನೊಂದು ಆಂಜಿಯೋಗ್ರಾಮ್, ಬೇಕಾದರೆ ಬೈಪಾಸ್ ಮಾಡಿಸಿ ಅಂತಾರೆ. ಪೂರ್ತಿ ಪ್ರಜ್ಞೆ ತಪ್ಪಿಸೋದು ಬೇಡ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿಸಿ ಅಂತ ಇನ್ನು ಕೆಲವರು. ಅಪ್ಪ ತಗೊಳ್ಳುವ ಮಾತ್ರೆ: ಎಕೋಸ್ಪ್ರಿನ್, ಟಿಕಾಗ್ರೆಲಾರ್, ಮೆಟೊಪ್ರೊಲಾಲ್, ರಾಮಿಪ್ರಿಲ್, ಡಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್, ಅಟೊರ್ವಾಸ್ಟಾಟಿನ್. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕಾ? ಏನು ಮಾಡೋದು ಗೊತ್ತಾಗುತ್ತಿಲ್ಲ.

ಉತ್ತರ:

ನೀವು ಕೇಳಿರುವ ಪ್ರಶ್ನೆ ನಾಲ್ಕೈದು. ಒಳಗಿರುವ ಭಯ ಒಂದೇ. ಸುಮ್ಮನಿದ್ದರೆ ಕ್ಯಾನ್ಸರ್ ಬೆಳೆಯುತ್ತದೆ, ಆಪರೇಷನ್‌ಗೆ ಕಳಿಸಿದರೆ ಹಾರ್ಟ್ ಕೈಕೊಡಬಹುದು. ಯಾವುದೇ ಆದರೂ ಆಮೇಲೆ "ನಾವೇ ತಪ್ಪು ಮಾಡಿದ್ವಾ" ಅನ್ನಿಸುತ್ತದೆ.

ನಾನು ಅನಸ್ತೇಶಿಯಾ ಡಾಕ್ಟರು. ಇಂಥ ಹೃದಯ ಇರುವವರನ್ನು ಮಲಗಿಸುವುದು, ಎಬ್ಬಿಸುವುದು, ಆಮೇಲೆ ಐಸಿಯುವಿನಲ್ಲಿ ನೋಡಿಕೊಳ್ಳುವುದು ನನ್ನ ದಿನದ ಕೆಲಸ. ನೀವು ಬರೆದಿರುವಷ್ಟನ್ನು ನೋಡಿದರೆ ನನ್ನ ಒಲವು ಆಪರೇಷನ್ ಕಡೆಗೆ. ಆದರೆ ಮುಂದಿನ ವಾರವೇ ಅಲ್ಲ, ಇನ್ನೂ ಏಳು ತಿಂಗಳು ಕಾದೂ ಅಲ್ಲ. ಎರಡು ಮೂರು ವಾರ ತಯಾರಿ ಮಾಡಿಕೊಂಡು ಮಾಡಿಸಬೇಕು. ಆಪರೇಷನ್ ಆದ ಮೇಲಿನ ಮೂರು ದಿನ ಸರಿಯಾಗಿ ಕಾಯುವ ಆಸ್ಪತ್ರೆಯಲ್ಲೇ ಮಾಡಿಸಬೇಕು. ಫೈಲ್ ನೋಡದೆ ಹೇಳುತ್ತಿದ್ದೇನೆ, ಹಾಗಾಗಿ ಕೊನೆಯ ತೀರ್ಮಾನ ತಂದೆಯವರನ್ನು ಕಣ್ಣಾರೆ ನೋಡುವ ಡಾಕ್ಟರದ್ದು.

ಮೊದಲು ಆ 35ರ ವಿಷಯ. ಮಾರ್ಕ್ಸ್ ಕಾರ್ಡ್ ಥರ ಓದಿ "ನೂರಕ್ಕೆ ಮೂವತ್ತೈದು ಅಷ್ಟೇನಾ" ಅಂತ ಎಲ್ಲರೂ ಗಾಬರಿಯಾಗುತ್ತಾರೆ. ಯಾರ ಹೃದಯವೂ ನೂರು ಪರ್ಸೆಂಟ್ ಪಂಪ್ ಮಾಡುವುದಿಲ್ಲ. ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವುದು ಆ ಸಂಖ್ಯೆ. ಆರೋಗ್ಯವಾಗಿರುವವರಲ್ಲಿ ಅದು ಸುಮಾರು 55ರಿಂದ 70. ನಿಮ್ಮ ತಂದೆಯದು ಕಡಿಮೆ, ಅನುಮಾನವಿಲ್ಲ. ಆದರೆ ಮೂರನೇ ಎರಡು ಭಾಗ ಹಾರ್ಟ್ ಹೋಗಿಬಿಟ್ಟಿದೆ ಅಂತ ಅರ್ಥ ಅಲ್ಲ.

ಇನ್ನೊಂದು ಮಾತು ಕೇಳಲೇಬೇಕು. ಆ ಎಕೋ ಯಾವಾಗಿನದು? ಅಟ್ಯಾಕ್ ಆದ ವಾರದ್ದಾದರೆ ಅದನ್ನು ಪಕ್ಕಕ್ಕಿಡಿ. ಪೆಟ್ಟು ತಿಂದ ಹೃದಯದ ಸ್ನಾಯು ಕೆಲವು ವಾರ ಮಂಕಾಗಿರುತ್ತದೆ, ಸ್ಟೆಂಟ್ ಮತ್ತು ಮಾತ್ರೆಗಳಿಂದ ಎಷ್ಟೋ ಜನರಲ್ಲಿ ಚೇತರಿಸಿಕೊಳ್ಳುತ್ತದೆ. ಹೊಸ ಎಕೋ ಮಾಡಿಸಿ. ಪಂಪಿಂಗ್ ಜೊತೆಗೆ ವಾಲ್ವ್ ಹೇಗಿದೆ ಅಂತಲೂ ಬರೆಯಿಸಿಕೊಳ್ಳಿ. ಮಹಾಪಧಮನಿಯ ವಾಲ್ವ್ ಗಟ್ಟಿಯಾಗಿ ಕಿರಿದಾಗಿದ್ದರೆ ನಮಗೆ ಪಂಪಿಂಗ್ ಕಡಿಮೆ ಇರುವುದಕ್ಕಿಂತ ದೊಡ್ಡ ತಲೆನೋವು ಅದು.

ಈಗ "ಅನಸ್ತೇಶಿಯಾ ತಡೆಯಲ್ಲ" ಅನ್ನುವ ಮಾತಿಗೆ ಬರೋಣ. ಜನ ತಿಳಿದಿರುವುದು ಹೀಗೆ: ಔಷಧಿ ಕೊಡುತ್ತಾರೆ, ವೀಕ್ ಹಾರ್ಟ್ ಅಲ್ಲೇ ನಿಂತುಹೋಗುತ್ತದೆ. ನಿಜವಾಗಿ ಆಗುವುದು ಬೇರೆ. ಪ್ರಜ್ಞೆ ತಪ್ಪಿಸುವ ಔಷಧಿಗಳು ಮೈಯೆಲ್ಲಾ ರಕ್ತನಾಳಗಳನ್ನು ಸಡಿಲ ಮಾಡುತ್ತವೆ. ಒಳ್ಳೆಯ ಹೃದಯ ಆದರೆ ತಕ್ಷಣ ಜಾಸ್ತಿ ಪಂಪ್ ಮಾಡಿ ಬಿಪಿ ಹಿಡಿದುಕೊಳ್ಳುತ್ತದೆ. ವೀಕ್ ಹೃದಯಕ್ಕೆ ಆ ಹೆಚ್ಚುವರಿ ತಾಕತ್ತು ಇಲ್ಲ. ಕಡಿಮೆ ಎಚ್‌ಪಿ ಮೋಟಾರಿಗೆ ತೋಟದ ಎಲ್ಲಾ ಗೇಟ್‌ವಾಲ್ವ್ ಒಟ್ಟಿಗೆ ತೆರೆದರೆ ತುದಿಯ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತದಲ್ಲ, ಹಾಗೆ. ಇಲ್ಲಿ ತುದಿಯ ಪೈಪು ಅಂದರೆ ಕಿಡ್ನಿ, ಮಿದುಳು, ಮತ್ತು ಹೃದಯದ ಸ್ವಂತ ರಕ್ತನಾಳ. ಬಿಪಿ ಬಿದ್ದರೆ ಹೃದಯಕ್ಕೇ ರಕ್ತ ಸಾಲದೆ ಇನ್ನೂ ಸೋಲುತ್ತದೆ. ಈ ಸುಳಿಗೆ ಬೀಳದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ಅದನ್ನು ಹೇಗೆ ಮಾಡುತ್ತೇವೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಒಳಗೆ ಏನು ನಡೆಯುತ್ತೆ ಅಂತ ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ತಂದೆಯವರು ಎಚ್ಚರವಾಗಿರುವಾಗಲೇ ಮಣಿಕಟ್ಟಿನ ನಾಡಿಯ ಜಾಗ ಮರಗಟ್ಟಿಸಿ ಒಂದು ಸಣ್ಣ ಕ್ಯಾನುಲಾ ಹಾಕುತ್ತೇವೆ. ಆರ್ಟೀರಿಯಲ್ ಲೈನ್ ಅಂತಾರೆ. ಅದರಿಂದ ಒಂದೊಂದು ಬಡಿತದ ಬಿಪಿಯೂ ಪರದೆ ಮೇಲೆ ಕಾಣುತ್ತದೆ. ತೋಳಿನ ಪಟ್ಟಿ ಐದು ನಿಮಿಷಕ್ಕೊಮ್ಮೆ ಉಬ್ಬಿ ಹೇಳುವಷ್ಟರಲ್ಲಿ ಅನಾಹುತ ಆಗಿಹೋಗಿರಬಹುದು. ಪಕ್ಕದಲ್ಲಿ ಸಿರಿಂಜ್ ಪಂಪ್‌ನಲ್ಲಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಔಷಧಿ ಸಿದ್ಧವಾಗಿರುತ್ತದೆ. ಎಷ್ಟೋ ಸಲ ರೋಗಿ ಮಲಗುವ ಮೊದಲೇ ಅದನ್ನು ಸಣ್ಣಗೆ ಹರಿಯಬಿಟ್ಟಿರುತ್ತೇವೆ. ಆಮೇಲೆ ಮಲಗಿಸುವ ಔಷಧಿ. ವೀಕ್ ಹೃದಯದಲ್ಲಿ ರಕ್ತ ನಿಧಾನ ಸುತ್ತುವುದರಿಂದ ಔಷಧಿ ಮಿದುಳು ಮುಟ್ಟುವುದೂ ನಿಧಾನ. ಅವಸರದವರು "ಇನ್ನೂ ಮಲಗಿಲ್ಲ" ಅಂತ ಮತ್ತೊಂದು ಡೋಸ್ ಕೊಡುತ್ತಾರೆ. ಎರಡೂ ಒಟ್ಟಿಗೆ ಕೆಲಸ ಶುರು ಮಾಡಿದಾಗ ಬಿಪಿ ಪಾತಾಳಕ್ಕೆ. ಅನುಭವ ಇರುವವರು ಸ್ವಲ್ಪ ಕೊಟ್ಟು, ಸುಮ್ನೆ ಕಾಯುತ್ತಾರೆ.

ಎಷ್ಟು ಬಿಪಿ ಇಟ್ಟುಕೊಳ್ಳಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಸರಾಸರಿ ಬಿಪಿ 65ಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ಸಾಮಾನ್ಯ ಗೆರೆ. 2017ರಲ್ಲಿ ಫ್ರಾನ್ಸಿನಲ್ಲಿ ಸುಮಾರು 300 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಪ್ರತಿಯೊಬ್ಬರ ಮಾಮೂಲಿ ಬಿಪಿಯ ಹತ್ತು ಪರ್ಸೆಂಟ್ ಆಸುಪಾಸಿನಲ್ಲೇ ಇಟ್ಟವರಲ್ಲಿ ಅಂಗಾಂಗಗಳ ತೊಂದರೆ ಕಡಿಮೆಯಾಯಿತು. ಅದಕ್ಕೇ ಹೇಳುವುದು, ಈಗಿನಿಂದ ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಬಿಪಿ ನೋಡಿ ಬರೆದಿಟ್ಟುಕೊಳ್ಳಿ. ಆಸ್ಪತ್ರೆಗೆ ಬಂದ ದಿನ ಗಾಬರಿಯಲ್ಲಿ ನೋಡಿದ ಬಿಪಿಗಿಂತ ನಮಗೆ ಆ ಚೀಟಿ ಹೆಚ್ಚು ಉಪಯೋಗ.

ಬೆನ್ನಿಗೆ ಇಂಜೆಕ್ಷನ್ ಸೇಫ್ ಅನ್ನುವ ನಂಬಿಕೆ ನಮ್ಮ ಕಡೆ ತುಂಬಾ ಗಟ್ಟಿ. ನಿಮ್ಮ ತಂದೆಯ ವಿಷಯದಲ್ಲಿ ಅದು ಸರಿಯಿಲ್ಲ. ಹೊಟ್ಟೆಯ ಮೇಲ್ಭಾಗದವರೆಗೆ ಮರಗಟ್ಟುವಷ್ಟು ಸ್ಪೈನಲ್ ಕೊಟ್ಟರೆ ಬಿಪಿ ಒಮ್ಮೆಲೇ ಇಳಿಯುತ್ತದೆ, ನಿಧಾನವಾಗಿ ಹೊಂದಿಸಿಕೊಳ್ಳಲು ನಮಗೆ ಅವಕಾಶ ಸಿಗಲ್ಲ. ರಕ್ತ ತೆಳು ಮಾಡುವ ಟಿಕಾಗ್ರೆಲಾರ್ ಪ್ರಭಾವ ಇರುವಾಗ ಬೆನ್ನಿಗೆ ಸೂಜಿ ಹಾಕಿದರೆ ಬೆನ್ನುಹುರಿ ಪಕ್ಕ ರಕ್ತ ಹೆಪ್ಪುಗಟ್ಟಿ ಕಾಲು ಸ್ವಾಧೀನ ಹೋಗುವ ಅಪಾಯವೂ ಇದೆ. ಅಪರೂಪ, ಆದರೆ ಒಮ್ಮೆ ಆಯಿತು ಅಂದರೆ ಆಗಿಯೇಹೋಯಿತು. ಕರುಳಿನ ಆಪರೇಷನ್ ಎರಡು ಮೂರು ಗಂಟೆ ಹಿಡಿಯಬಹುದು, ಅಷ್ಟು ಹೊತ್ತು ಎಚ್ಚರದಲ್ಲಿ ಮಲಗಿರುವುದೂ ಹಿಂಸೆ. ಇಲ್ಲಿ ಜನರಲ್ ಅನಸ್ತೇಶಿಯಾವೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಒಂದು ವರ್ಷ ಕಾಯಿರಿ ಅಂದವರು ಸುಳ್ಳು ಹೇಳಿಲ್ಲ. ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದವರು ಹರ್ನಿಯಾ, ಮಂಡಿ ಬದಲಾವಣೆಯಂಥ ಮುಂದೂಡಬಹುದಾದ ಆಪರೇಷನ್‌ಗೆ 12 ತಿಂಗಳು ಕಾಯುವುದು ಒಳ್ಳೆಯದು. ಹೊಸ ಸ್ಟೆಂಟ್ ಮೇಲೆ ಒಳಪದರ ಬೆಳೆಯುವವರೆಗೆ ಅಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ. ಆಪರೇಷನ್ ಅನ್ನುವುದೇ ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ತಳ್ಳುತ್ತದೆ. ಆದರೆ ಕ್ಯಾನ್ಸರ್ ಆ ಸಾಲಿಗೆ ಸೇರುವುದಿಲ್ಲ. ತಡ ಮಾಡಲಾಗದ ಆಪರೇಷನ್ ಆದರೆ ಮೂರು ತಿಂಗಳ ನಂತರ ಯೋಚಿಸಬಹುದು ಅಂತ ಅಮೆರಿಕದ ಹೃದ್ರೋಗ ಸಂಘಗಳ 2024ರ ಮಾರ್ಗಸೂಚಿ ಹೇಳುತ್ತದೆ. ನೀವು ಆ ಗೆರೆ ದಾಟಿದ್ದೀರಿ. ಇನ್ನೂ ಏಳು ತಿಂಗಳು ಕಾದರೆ ಕ್ಯಾನ್ಸರ್ ಹರಡಬಹುದು. ಅದಕ್ಕಿಂತ ನನಗೆ ಜಾಸ್ತಿ ಭಯ ಕರುಳು ಕಟ್ಟಿಕೊಳ್ಳುವುದು. ಆಗ ರಾತ್ರೋರಾತ್ರಿ, ಹೊಟ್ಟೆ ಉಬ್ಬಿ, ನೀರು ಬತ್ತಿ, ಮಾತ್ರೆ ನಿಲ್ಲಿಸಲೂ ಸಮಯ ಇಲ್ಲದೆ ಟೇಬಲ್ ಮೇಲೆ ಬರುತ್ತಾರೆ. ತಯಾರಿ ಮಾಡಿಕೊಂಡು ಮಾಡುವ ಆಪರೇಷನ್‌ಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಚಿಕ್ಕಪ್ಪನ ಸಲಹೆ ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ. ಮೊದಲು ಹಾರ್ಟ್ ರಿಪೇರಿ, ಆಮೇಲೆ ಹೊಟ್ಟೆ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ದೊಡ್ಡ ರಕ್ತನಾಳದ ಆಪರೇಷನ್‌ಗೆ ಬಂದ, ಹೃದಯದಲ್ಲಿ ಬ್ಲಾಕ್ ಇದ್ದ 510 ಜನರಲ್ಲಿ ಅರ್ಧದಷ್ಟು ಮಂದಿಗೆ ಮೊದಲು ಸ್ಟೆಂಟ್ ಅಥವಾ ಬೈಪಾಸ್ ಮಾಡಿದರು, ಉಳಿದವರಿಗೆ ಮಾತ್ರೆ ಮಾತ್ರ. 2004ರಲ್ಲಿ ಫಲಿತಾಂಶ ಬಂತು. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಎಡಗಡೆಯ ಮುಖ್ಯ ನಾಳದಲ್ಲಿ ಬ್ಲಾಕ್ ಇದ್ದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ, ಅವರ ಕಥೆ ಬೇರೆ. ನಿಮ್ಮ ತಂದೆಗೆ ಈಗ ಎದೆನೋವು ಇಲ್ಲ, ಹಳೆಯ ಆಂಜಿಯೋಗ್ರಾಮ್‌ನಲ್ಲಿ ದೊಡ್ಡ ಬ್ಲಾಕ್ ಉಳಿಸಿಲ್ಲ ಅಂದರೆ ಮತ್ತೆ ಆಂಜಿಯೋಗ್ರಾಮ್ ಬೇಕಿಲ್ಲ. ಹೊಸ ಸ್ಟೆಂಟ್ ಹಾಕಿಬಿಟ್ಟರೆ ಕಾಯುವ ಲೆಕ್ಕ ಮತ್ತೆ ಮೊದಲಿನಿಂದ ಶುರು. ಎದೆನೋವು ಮತ್ತೆ ಬಂದಿದ್ದರೆ ಮಾತ್ರ ಕಾರ್ಡಿಯಾಲಜಿಸ್ಟ್ ಹತ್ತಿರ ತಕ್ಷಣ ಹೋಗಿ.

ಈ ಎರಡು ಮೂರು ವಾರದಲ್ಲಿ ಮಾಡಬೇಕಾದ ಮುಖ್ಯ ಕೆಲಸ ಹಿಮೋಗ್ಲೋಬಿನ್ ಏರಿಸುವುದು. ಕರುಳಿನ ಬಲಭಾಗದ ಕ್ಯಾನ್ಸರ್ ಕಣ್ಣಿಗೆ ಕಾಣದಂತೆ ತೊಟ್ಟುತೊಟ್ಟಾಗಿ ರಕ್ತ ಸೋರಿಸುತ್ತದೆ. ಎಕೋಸ್ಪ್ರಿನ್, ಟಿಕಾಗ್ರೆಲಾರ್ ಅಂತ ಎರಡೆರಡು ರಕ್ತ ತೆಳು ಮಾಡುವ ಮಾತ್ರೆ ಸೇರಿದ ಮೇಲೆ ಅದು ಜಾಸ್ತಿಯಾಗಿ ಬೇಗ ಬಯಲಾಗಿರಬಹುದು. ಒಂದು ಲೆಕ್ಕದಲ್ಲಿ ಆ ಮಾತ್ರೆಗಳೇ ಕ್ಯಾನ್ಸರನ್ನು ಹಿಡಿದುಕೊಟ್ಟವು ಅನ್ನಿ. 8.6 ಇದ್ದಾಗ ಅಷ್ಟೇ ಆಮ್ಲಜನಕ ಸಾಗಿಸಲು ಹೃದಯ ಹೆಚ್ಚು ಸಲ ಬಡಿಯಬೇಕು. ಸುಸ್ತಿನಲ್ಲಿ ಎಷ್ಟು ಪಾಲು ಹಾರ್ಟಿನದು, ಎಷ್ಟು ರಕ್ತ ಕಡಿಮೆಯದು ಅಂತ ಈಗ ಹೇಳುವುದೇ ಕಷ್ಟ. ಕಬ್ಬಿಣಾಂಶ ಕಡಿಮೆ ಇದ್ದರೆ ಡ್ರಿಪ್ ಮೂಲಕ ಕೊಡಿಸಿ. ಮಾತ್ರೆಗಿಂತ ಬೇಗ ಕೆಲಸ ಮಾಡುತ್ತದೆ. ರಕ್ತ ಹಾಕಲೇಬೇಕಾಗಿ ಬಂದರೆ ಒಂದೊಂದೇ ಬಾಟಲ್, ನಿಧಾನಕ್ಕೆ, ಆಪರೇಷನ್‌ಗೆ ಕೆಲವು ದಿನ ಮೊದಲೇ. ಒಂದೇ ದಿನ ಎರಡು ಮೂರು ಏರಿಸಿದರೆ ಈ ಹೃದಯಕ್ಕೆ ಅದೇ ಭಾರವಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಮಾತ್ರೆಗಳ ವಿಷಯದಲ್ಲಿ ಒಂದು ಮಾತು. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ನಾನು ಹೇಳುವುದನ್ನು ಕಾರ್ಡಿಯಾಲಜಿಸ್ಟ್, ಸರ್ಜನ್ ಇಬ್ಬರಿಗೂ ತೋರಿಸಿ ಖಚಿತ ಮಾಡಿಕೊಳ್ಳಿ. ಎಕೋಸ್ಪ್ರಿನ್ ನಿಲ್ಲಿಸುವಂತಿಲ್ಲ, ಆಪರೇಷನ್ ದಿನವೂ ಸೇರಿ. ಸ್ಟೆಂಟ್‌ಗೆ ಆಗ ಉಳಿಯುವ ಕಾವಲು ಅದೊಂದೇ. ಟಿಕಾಗ್ರೆಲಾರ್ ಸಾಮಾನ್ಯವಾಗಿ 3ರಿಂದ 5 ದಿನ ಮೊದಲು ನಿಲ್ಲಿಸುತ್ತಾರೆ, ರಕ್ತಸ್ರಾವ ಹತೋಟಿಗೆ ಬಂತು ಅಂತ ಸರ್ಜನ್ ಹೇಳಿದ ಕೂಡಲೇ ಮತ್ತೆ ಶುರು. ನಡುವಿನ ದಿನಗಳಿಗೆ ಹೊಟ್ಟೆಗೆ ಚುಚ್ಚುವ ಹೆಪಾರಿನ್ ಕೊಟ್ಟರೆ ಸ್ಟೆಂಟ್ ಸುರಕ್ಷಿತ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಬೇಕು, ಸರಿ. ಟಿಕಾಗ್ರೆಲಾರ್ ಮಾಡುವ ಕೆಲಸವನ್ನು ಅದು ಮಾಡುವುದಿಲ್ಲ.

ಮೆಟೊಪ್ರೊಲಾಲ್ ಆಪರೇಷನ್ ದಿನ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ಕೊಟ್ಟೇ ಕಳಿಸಿ. ಮೊದಲಿನಿಂದ ತಗೊಳ್ಳುತ್ತಿರುವವರು ಥಟ್ಟನೆ ಬಿಟ್ಟರೆ ತೊಂದರೆ. ಆದರೆ ತಗೊಳ್ಳದೇ ಇದ್ದವರಿಗೆ ಆಪರೇಷನ್ ದಿನ ಹೊಸದಾಗಿ ಶುರು ಮಾಡುವುದೂ ತಪ್ಪು. ಭಾರತದ ರೋಗಿಗಳೂ ಇದ್ದ, 8,000ಕ್ಕೂ ಹೆಚ್ಚು ಜನರ ಪಾಯ್ಸ್ ಅನ್ನುವ ಅಧ್ಯಯನ 2008ರಲ್ಲಿ ಇದನ್ನು ತೋರಿಸಿತು. ಹಾಗೆ ಶುರು ಮಾಡಿದವರಲ್ಲಿ ಹಾರ್ಟ್ ಅಟ್ಯಾಕ್ ಕಡಿಮೆಯಾಯಿತು, ಆದರೆ ಪಾರ್ಶ್ವವಾಯು ಮತ್ತು ಸಾವು ಜಾಸ್ತಿಯಾದವು. ರಾಮಿಪ್ರಿಲ್ ಬಗ್ಗೆ ಎರಡು ವಾದ ಇವೆ. ನಿಲ್ಲಿಸದಿದ್ದರೆ ಬಿಪಿ ಹೆಚ್ಚು ಬೀಳುತ್ತದೆ, ಹಾಗಾಗಿ ನಾನು ಹಿಂದಿನ ದಿನದ ಡೋಸ್ ಬಿಡಿಸುತ್ತೇನೆ. ಪಂಪಿಂಗ್ ಕಡಿಮೆ ಇರುವವರಲ್ಲಿ ಮುಂದುವರಿಸುವ ಡಾಕ್ಟರೂ ಇದ್ದಾರೆ, ಅದು ತಪ್ಪಲ್ಲ. ಅಟೊರ್ವಾಸ್ಟಾಟಿನ್ ಮುಂದುವರಿಯಲಿ.

ಎಲ್ಲರೂ ಮರೆಯುವುದು ಡಪಾಗ್ಲಿಫ್ಲೋಜಿನ್. ಇದನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕು. ಉಪವಾಸದಲ್ಲಿ ಈ ಮಾತ್ರೆ ಇದ್ದರೆ ರಕ್ತದಲ್ಲಿ ಆಮ್ಲ ಏರುತ್ತದೆ, ಆದರೆ ಶುಗರ್ ನೋಡಿದರೆ ಹೆಚ್ಚೇನೂ ಇರುವುದಿಲ್ಲ. ಹಾಗಾಗಿ ಯಾರಿಗೂ ಅನುಮಾನವೇ ಬರಲ್ಲ. ಕರುಳಿನ ಆಪರೇಷನ್‌ನಲ್ಲಿ ಉಪವಾಸ ಉದ್ದ ಬೇರೆ. ಮೆಟ್‌ಫಾರ್ಮಿನ್ ಆ ದಿನ ಬೆಳಿಗ್ಗೆ ಬೇಡ.

ಇನ್ನು ಮೂರು ದಿನದ ವಿಷಯ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಮನೆಯವರು ಉಸಿರು ಬಿಗಿಹಿಡಿದು ಕೂತಿರುತ್ತಾರೆ, "ಸಕ್ಸಸ್" ಅಂದ ಕೂಡಲೇ ಊರಿಗೆಲ್ಲಾ ಫೋನ್ ಹೋಗುತ್ತದೆ. ನನ್ನ ಚಿಂತೆ ಆಗ ಶುರು. ಒಳಗೆ ಒಬ್ಬ ಡಾಕ್ಟರು ಅವರೊಬ್ಬರನ್ನೇ ನೋಡುತ್ತಾ ನಿಂತಿದ್ದರು. ವಾರ್ಡಿನಲ್ಲಿ ಆ ಅನುಕೂಲ ಇಲ್ಲ. ಹೃದಯಕ್ಕೆ ಆಗುವ ಪೆಟ್ಟು ಬಹುಪಾಲು ಆಪರೇಷನ್ ಆದ ಮೊದಲ ಎರಡು ದಿನದಲ್ಲೇ ಆಗುತ್ತದೆ. ಹಾಗೆ ಪೆಟ್ಟು ಬಿದ್ದ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಎದೆನೋವೇ ಬರುವುದಿಲ್ಲ. ನೋವಿನ ಔಷಧಿ ಅದನ್ನು ಮುಚ್ಚಿಹಾಕುತ್ತದೆ. ಅದಕ್ಕೆ ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆಯನ್ನು ಮೊದಲು ಒಮ್ಮೆ, ಆಮೇಲೆ 24 ಗಂಟೆಗೆ, 48 ಗಂಟೆಗೆ ಮಾಡಬೇಕು. ಮಾಡುತ್ತಾರಾ ಅಂತ ಕೇಳಿ.

ಎರಡನೇ ರಾತ್ರಿ ಸಾಮಾನ್ಯವಾಗಿ ನಡೆಯುವುದು ಇದು. ಬಿಪಿ 90, ಯೂರಿನ್ ಬ್ಯಾಗಿನಲ್ಲಿ ಗಂಟೆಗೆ 20 ಎಂಎಲ್. ನೋಡಿದವರಿಗೆ ಮೊದಲು ಹೊಳೆಯುವುದು ಇನ್ನೊಂದು ಸಲೈನ್ ಬಾಟಲ್ ಏರಿಸುವುದು. ನೀರು ಸಾಲದೆ ಹಾಗಾಗಿದ್ದರೆ ಅದು ಸರಿ, ತೀರಾ ಕಡಿಮೆ ನೀರು ಕೊಟ್ಟರೂ ಕಿಡ್ನಿಗೆ ಪೆಟ್ಟು. ಆದರೆ ಪಂಪ್ ಸೋತು ಹಾಗಾಗಿದ್ದರೆ ಆ ಬಾಟಲ್ ನೇರ ಶ್ವಾಸಕೋಶಕ್ಕೆ. ನಾವು ಮೊದಲು ಕಾಲೆರಡನ್ನೂ ಮೇಲೆತ್ತಿ ನೋಡುತ್ತೇವೆ. ಕಾಲಿನ ರಕ್ತ ಹೃದಯಕ್ಕೆ ಬಂದಾಗ ಪಂಪ್ ಆಗುವ ರಕ್ತ ಜಾಸ್ತಿಯಾದರೆ ನೀರು ಬೇಕು ಅಂತ ಅರ್ಥ. ಆಗದಿದ್ದರೆ ಬೆಡ್ ಪಕ್ಕದಲ್ಲೇ ಎಕೋ ಹಾಕಿ, ಬೇರೆ ಔಷಧಿ ಯೋಚಿಸುತ್ತೇವೆ. ಮೂರನೇ ದಿನದ ಹೊತ್ತಿಗೆ ಇನ್ನೊಂದು ಆಟ. ಊದಿದ ಅಂಗಾಂಶಗಳಲ್ಲಿ ಕೂತಿದ್ದ ನೀರೆಲ್ಲಾ ರಕ್ತಕ್ಕೆ ವಾಪಸ್ ಬರುತ್ತದೆ. ಚೆನ್ನಾಗಿದ್ದವರು ರಾತ್ರಿ ಎದ್ದು ಕೂತು ಏದುಸಿರು ಬಿಡುವುದು ಆಗಲೇ. ಆ ಹೊತ್ತಿಗೆ ಮೂತ್ರದಲ್ಲಿ ನೀರು ಹೊರಹಾಕಿಸುವ ಲಾಸಿಕ್ಸ್ ಬೇಕಾಗುತ್ತದೆ, ಬಾಟಲ್ ಅಲ್ಲ.

ಇದಕ್ಕೆಲ್ಲಾ ದೊಡ್ಡ ಮೆಷೀನ್ ಬೇಕೇಬೇಕು ಅಂತಿಲ್ಲ. ಒತ್ತಡ ಅಳೆಯಲು ಹೃದಯದೊಳಗೆ ತೂರಿಸುವ ಸ್ವಾನ್ ಗಾಂಜ್ ಕ್ಯಾಥೆಟರನ್ನು ಹಿಂದೆ ಇಂಥವರಿಗೆಲ್ಲಾ ಹಾಕುತ್ತಿದ್ದರು. ಸುಮಾರು 2,000 ಹೈ ರಿಸ್ಕ್ ರೋಗಿಗಳ ಅಧ್ಯಯನ 2003ರಲ್ಲಿ ಬಂತು. ಅದರಿಂದ ಸಾವು ಕಡಿಮೆಯಾಗಿರಲಿಲ್ಲ. ಯಂತ್ರಕ್ಕಿಂತ ರಾತ್ರಿ ಎರಡು ಗಂಟೆಗೆ ಬಂದು ನೋಡುವ ಡಾಕ್ಟರು ಮುಖ್ಯ. ಹಾಗಾಗಿ ಆಸ್ಪತ್ರೆ ಆರಿಸುವಾಗ ಕೇಳಬೇಕಾದ್ದು ಇಷ್ಟು: ಆಪರೇಷನ್ ಆದ ಮೇಲೆ ಕನಿಷ್ಠ ಎರಡು ದಿನ ಐಸಿಯು ಅಥವಾ ಎಚ್‌ಡಿಯು (ವಾರ್ಡಿಗಿಂತ ಹೆಚ್ಚು ನಿಗಾ ಇರುವ ಘಟಕ) ಬೆಡ್ ಖಚಿತವಾ? ಆರ್ಟೀರಿಯಲ್ ಲೈನ್ ಹಾಕುತ್ತಾರಾ? ರಾತ್ರಿ ಎಕೋ ಮಾಡುವವರು, ಸ್ಟೆಂಟ್ ಕಟ್ಟಿಕೊಂಡರೆ ತೆರೆಯುವ ಕ್ಯಾಥ್‌ಲ್ಯಾಬ್ ಅದೇ ಕಟ್ಟಡದಲ್ಲಿ ಇದೆಯಾ? ಅನಸ್ತೇಶಿಯಾ ಡಾಕ್ಟರು ಮೊದಲೇ ತಂದೆಯವರನ್ನು ಕೂರಿಸಿ ಮಾತಾಡಿದ್ದಾರಾ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ರೆಫರಲ್ ಚೀಟಿಯ ಓಡಾಟವನ್ನು ಈಗಲೇ ಶುರು ಮಾಡಿ.

ಹೈ ರಿಸ್ಕ್ ಸಹಿ ಅಂದರೆ ಎಷ್ಟು ರಿಸ್ಕ್ ಅಂತ ಸಂಖ್ಯೆಯಲ್ಲಿ ಕೇಳಿ. ಆಪರೇಷನ್‌ನಲ್ಲಿ ಹೃದಯಕ್ಕಿರುವ ಅಪಾಯ ಅಳೆಯಲು ನಾವು ಬಳಸುವ ಲೀ ಸ್ಕೋರ್ 1999ರದ್ದು, ಆರು ಅಂಶಗಳದ್ದು. ನಿಮ್ಮ ತಂದೆಗೆ ಹೊಟ್ಟೆಯ ದೊಡ್ಡ ಆಪರೇಷನ್, ಹೃದಯದ ಬ್ಲಾಕ್, ಹಾರ್ಟ್ ಫೇಲ್ಯೂರ್ ಆಗಿದ್ದು, ಹೀಗೆ ಮೂರು ಅಂಕ. ಕಿಡ್ನಿ ರಿಪೋರ್ಟ್ ನೀವು ಬರೆದಿಲ್ಲ, ಕ್ರಿಯಾಟಿನಿನ್ 2 ದಾಟಿದ್ದರೆ ಇನ್ನೊಂದು ಸೇರುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಹೃದಯದ ದೊಡ್ಡ ತೊಂದರೆ ನೂರಕ್ಕೆ ಸುಮಾರು 11ರಿಂದ 15 ಮಂದಿಗೆ ಆಗುತ್ತದೆ. ಅದರಲ್ಲಿ ಅಟ್ಯಾಕ್ ಆಗಿ ಚೇತರಿಸಿಕೊಂಡವರೂ ಸೇರಿದ್ದಾರೆ, ಎಲ್ಲವೂ ಸಾವಲ್ಲ. ಕಡಿಮೆ ಅಂತ ನಾನು ಹೇಳಲ್ಲ. ಆದರೆ ಹೆಚ್ಚಿನವರು ಪಾರಾಗುತ್ತಾರೆ. ಈ ಲೆಕ್ಕವನ್ನು ತಂದೆಯವರ ಮುಂದೆಯೇ ಇಡಿ. ಅವರಿಗೆ ಹೇಳದೆ ಮಕ್ಕಳು, ಚಿಕ್ಕಪ್ಪ ಸೇರಿ ನಿರ್ಧಾರ ಮಾಡುವುದು ನಮ್ಮಲ್ಲಿ ಮಾಮೂಲು. ಅವರು "ಬೇಡ, ಇಷ್ಟು ದಿನ ಇದ್ದದ್ದು ಸಾಕು" ಅಂದರೆ ಅದೂ ಒಂದು ದಾರಿಯೇ. ಆಗ ರಕ್ತ ಕಡಿಮೆಯಾದಾಗ ಹಾಕಿಸಿಕೊಂಡು, ಕರುಳು ಕಟ್ಟಿದರೆ ಏನು ಅಂತ ಮೊದಲೇ ಮಾತಾಡಿಟ್ಟುಕೊಳ್ಳಬೇಕು.

ಆಪರೇಷನ್ ಮುಗಿದು ಬಯಾಪ್ಸಿ ವರದಿ ನೋಡಿ ಕೀಮೋ ಬೇಕು ಅಂದರೆ, ಕ್ಯಾನ್ಸರ್ ಡಾಕ್ಟರಿಗೆ ಸ್ಟೆಂಟ್ ವಿಷಯ ತಪ್ಪದೆ ಹೇಳಿ. ಕರುಳಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡುವ ಕ್ಯಾಪಿಸಿಟಾಬಿನ್ ಮಾತ್ರೆ, 5-ಎಫ್‌ಯು ಡ್ರಿಪ್ ಎರಡೂ ಕೆಲವರಲ್ಲಿ ಹೃದಯದ ರಕ್ತನಾಳ ಹಿಡಿದುಕೊಳ್ಳುವಂತೆ ಮಾಡುತ್ತವೆ. ಶುರು ಮಾಡಿದ ಮೊದಲ ದಿನಗಳಲ್ಲಿ ಎದೆ ಬಿಗಿದಂತಾದರೆ ಗ್ಯಾಸ್ ಅಂದುಕೊಂಡು ಕೂರದೆ, ಆ ಕೀಮೋ ಔಷಧಿ ಮಾತ್ರ ನಿಲ್ಲಿಸಿ ತಕ್ಷಣ ಇಸಿಜಿ ಮಾಡಿಸಿ.